ಲಿಸ್ಬನ್ನಿನಲ್ಲಿ ಗೆದ್ದ ಪಟ್ಟ

"ನಿನ್ನ ಹೆಸರಿದ್ದಲ್ಲಿ ಗೀಟು ಎಳದೀನಿ ನೋಡು," ಎಂದು ಕಂಠೆಪ್ಪ ಮಡಿಕೆಗಳಲ್ಲಿ ಹರಿದುಹೋಗಿದ್ದ ಹಳದಿ ಹಾಳೆಯನ್ನು ಮಂಚದ ಮೇಲೆ ಬಿಡಿಸಿಟ್ಟ. "ಉಸ್ತಾದಗ ಇದನ್ನ ತೋರಸೋಣು. ಹಾಳಿ ಹಳೇದಾದ್ರೂ ಅಕ್ಷರ ಕಾಣತಾವ."

ದಾವಲಮಲಿಕ ಬಾಗಿ ನೋಡಿದ. ಒಂಬತ್ತು ವರ್ಷಗಳ ಹಿಂದಿನ ಕರಪತ್ರ. ಮೇಲೆ ಕನ್ನಡ, ನಡುವೆ ಮರಾಠಿ, ಕೆಳಗೆ ಇಂಗ್ಲಿಷ್. 'ಜಗತ್ತಿನ ಕುಸ್ತಿ ಪಟ್ಟದ ಇತಿಹಾಸ' ಎಂಬ ದಪ್ಪ ಅಕ್ಷರಗಳ ಕೆಳಗೆ ಪಟ್ಟ ಕಟ್ಟಿಕೊಂಡವರ ಹೆಸರುಗಳು ಸಾಲಾಗಿ ನಿಂತಿದ್ದವು. ೧೯೮೪, ಲಿಸ್ಬನ್, ಟೈಗರ್ ಕಂಠಿ. ೧೯೮೫, ಮಡಗಾಂವ್, ರಷ್ಯಾದ ಕಿಂಗ್ ಬೋರಿಸ್. ಅದೇ ವರ್ಷ ವಾಸ್ಕೋದಲ್ಲಿ ಮತ್ತೆ ಟೈಗರ್ ಕಂಠಿ. ಕೊನೆಗೆ ೧೯೮೭, ಫೋಂಡಾ, ಶೇರ್-ಎ-ಬಿಜಾಪುರ ದಾವಲಮಲಿಕ. ಆ ಕೊನೆಯ ಹೆಸರಿನ ಕೆಳಗೆ ಕಂಠೆಪ್ಪ ಪೆನ್ಸಿಲ್ಲಿನಿಂದ ನೆಟ್ಟಗೆ ಗೀಟು ಎಳೆದಿದ್ದ.

"ಎದುರಿಗೆ ಆಡಿದಂವನ ಸಾಕ್ಷಿ ಬೇಕಂತ," ಎಂದಳು ಒಲೆಯ ಮುಂದೆ ಕೂತಿದ್ದ ಭಾಗವ್ವ. ಕಂಠೆಪ್ಪನ ಹೆಂಡತಿ. ಪಣಜಿಯಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಉಸುಕು ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಸವೆದಿತ್ತು. "ಕುಸ್ತ್ಯಾಗ ಕೈಕಾಲು ಕಳಕೊಂಡ ಪೈಲ್ವಾನರಿಗೆ ನಮ್ಮ ಕಡೆ ಸರಕಾರದವರು ಮಾಸಾಶನ ಕೊಡತಾರಂತ. ನಮ್ಮಣ್ಣ ಅರ್ಜಿ ತಂದುಕೊಟ್ಟಾನ. ಹೆಸರಾದ ಕುಸ್ತಿ ಉಸ್ತಾದರೊಬ್ಬರು ಸಹಿ ಹಾಕಬೇಕು. ಡಿಚೋಲ್ಯಾಗ ಗೂಡುಸಾಬ ಉಸ್ತಾದರು ಅದಾರಲ್ಲ, ಅವರ ಸಹಿ ಎಲ್ಲಿ ಬೇಕಾದಲ್ಲಿ ನಡಿತೈತಂತ. ನೀ ಹೋಗಿ ಒಂದ ಮಾತು ಹೇಳಿದ್ರ ಆತು, ತಮ್ಮಾ."

"ಬರತೇನಿ ವೈನಿ," ಎಂದ ದಾವಲಮಲಿಕ. "ಬರೂ ಐತಾರ ನನಗ ಸೂಟಿ ಐತಿ."

ಭಾಗವ್ವ ಚಹಾ ತಂದಿಟ್ಟಳು. ಆ ಮನೆಯಲ್ಲಿ ಅವನ ಕಪ್ಪಿಗೆ ಯಾವಾಗಲೂ ಒಂದು ಚಮಚೆ ಸಕ್ಕರೆ ಹೆಚ್ಚು ಬೀಳುತ್ತಿತ್ತು. ತಿಂಗಳ ಮೊದಲ ವಾರ ಅವನು ಪಣಜಿಯ ಪಕ್ಕದ ಚಿಂಬಲ್ಲಿನ ಈ ಓಣಿಗೆ ಅಕ್ಕಿಯ ಚೀಲ ಹೊತ್ತುಕೊಂಡು ಬರುತ್ತಿದ್ದ. ಮಳೆಗಾಲಕ್ಕೆ ಮುಂಚೆ ಬಂದು ಮಾಡಿಗೆ ತಾಡಪತ್ರಿ ಹೊದಿಸುತ್ತಿದ್ದ. ಕಂಠೆಪ್ಪನ ಸೊಂಟ ನೋವು ಹೆಚ್ಚಾದಾಗ ದವಾಖಾನೆಗೆ ಹೊತ್ತುಕೊಂಡು ಹೋಗಿದ್ದೂ ಅವನೇ. "ಒಡಹುಟ್ಟಿದಂವರು ಹಿಂಗ ನೋಡಂಗಿಲ್ಲ," ಎಂದು ಭಾಗವ್ವ ನೆರೆಯವರಿಗೆ ಹೇಳುವಾಗಲೆಲ್ಲ ಅವನು ಚಪ್ಪಲಿಯ ಉಂಗುಷ್ಠ ಸರಿಮಾಡುವ ನೆವದಲ್ಲಿ ಬಗ್ಗುತ್ತಿದ್ದ.

ಕಂಠೆಪ್ಪ ಛತ್ರಿ ರಿಪೇರಿ ಮಾಡುತ್ತಿದ್ದ. ಮಳೆಗಾಲದ ನಾಲ್ಕು ತಿಂಗಳು ಕೈತುಂಬ ಕೆಲಸ, ಉಳಿದ ಎಂಟು ತಿಂಗಳು ಮಂಚ. ಮುರಿದ ಸೊಂಟ ಓರೆಯಾಗಿ ಕೂಡಿಕೊಂಡಿದ್ದರಿಂದ ಎಡಗಾಲು ನೆಲಕ್ಕೆ ಪೂರ್ತಿ ತಾಗುತ್ತಿರಲಿಲ್ಲ. ಯಾರಾದರೂ ಹೇಗಾಯಿತು ಎಂದು ಕೇಳಿದರೆ ಒಂದೇ ಉತ್ತರ: "ಆಡೂ ಮುಂದ ಕಾಲು ಜಾರಿತು. ತಪ್ಪು ನಂದ." ಕೇಳಿದವರು ಹೋದ ಮೇಲೆ ಭಾಗವ್ವ ಗೊಣಗುತ್ತಿದ್ದಳು: "ನೋಡಿ ಕಾಲಿಡಬೇಕಿತ್ತು." ಒಂಬತ್ತು ವರ್ಷ ಆ ಮನೆಯಲ್ಲಿ ಈ ಎರಡು ಮಾತು ಒಂದರ ಹಿಂದೊಂದು ಬರುತ್ತಿದ್ದವು. ಮೂರನೆಯ ಮಾತು ದಾವಲಮಲಿಕನ ಹತ್ತಿರ ಇತ್ತು.

ಇಬ್ಬರೂ ಸಿಂದಗಿ ಕಡೆಯ ಒಂದೇ ಊರಿನವರು, ಒಂದೇ ಗರಡಿಯ ಮಣ್ಣಿನಲ್ಲಿ ಹೊರಳಿದವರು. ಕಂಠೆಪ್ಪ ನಾಲ್ಕು ವರ್ಷ ದೊಡ್ಡವನು. ಎಂಬತ್ತೊಂದರಲ್ಲಿ ಇಬ್ಬರೂ ಡಿಚೋಲಿಯ ಗಣಿಗೆ ಬಂದು ಟ್ರಕ್ಕಿಗೆ ಅದಿರು ತುಂಬುವ ಕೆಲಸಕ್ಕೆ ನಿಂತರು. ಸಂಜೆ ಮೈ ತೊಳೆದರೆ ಕೆಂಪು ನೀರು ಹರಿಯುತ್ತಿತ್ತು. ಒಂದು ರಜೆಯ ದಿನ ಹೊಳೆಯ ದಂಡೆಯ ಉಸುಕಿನಲ್ಲಿ ಮೋಜಿಗೆಂದು ಕುಸ್ತಿ ಹಿಡಿದಿದ್ದಾಗ ನಾನಪ್ಪ ಎಂಬವನು ನಿಂತು ನೋಡಿದ. ಬೆಳಗಾವಿ ಕಡೆಯವನು, ಟೆಂಟ್ ಸಿನೆಮಾ ನಡೆಸಿ ಕೈಸುಟ್ಟುಕೊಂಡವನು. ಈಗ ಫ್ರೀಸ್ಟೈಲ್ ಕುಸ್ತಿಯ ಕಂಪನಿ ಕಟ್ಟುತ್ತಿದ್ದ. "ಮಣ್ಣಾಗಿನ ಕುಸ್ತಿ ಯಾರ್ ನೋಡತಾರ? ಹಲಗಿ ಮ್ಯಾಲ ಬರ್ರಿ, ನಿಮ್ಮನ್ನ ಜಗತ್ತಿಗೆ ತೋರಸ್ತೀನಿ," ಎಂದ.

ಜಗತ್ತಿಗೆ ತೋರಿಸಬೇಕೆಂದರೆ ಜಗತ್ತಿನ ಪಟ್ಟವೊಂದು ಬೇಕಲ್ಲ. ನಾನಪ್ಪ ಡಿಚೋಲಿಯ ಕಂಚುಗಾರನೊಬ್ಬನನ್ನು ಹಿಡಿದು ಹಿತ್ತಾಳೆಯ ದೊಡ್ಡ ಬಿಲ್ಲೆ ಮಾಡಿಸಿದ. ಅದರ ಮೇಲೆ ಭೂಗೋಳ ಕೊರೆಯಲು ಹೇಳಿದ. ಕಂಚುಗಾರ ನಕಾಶೆ ನೋಡಿದವನಲ್ಲ, ಆಫ್ರಿಕಾ ಗೋಡಂಬಿಯಂತೆ ಬಂತು. ಅಗಲ ಚರ್ಮದ ಪಟ್ಟಿಗೆ ಅದನ್ನು ಹೊಲಿಸಿ, "ಪಟ್ಟ ಅಂದ ಮ್ಯಾಲ ಅದು ಎಲ್ಲಿಂದರ ಬಂದಿರಬೇಕು," ಎಂದು ಎರಡು ದಿನ ಯೋಚಿಸಿ, ಅದು ಲಿಸ್ಬನ್ನಿನಿಂದ ಬಂತು ಎಂದು ತೀರ್ಮಾನಿಸಿದ. ಹದಿನಾರು ದೇಶಗಳ ಪೈಲ್ವಾನರನ್ನು ಸೋಲಿಸಿ ಟೈಗರ್ ಕಂಠಿ ಅಲ್ಲಿ ಪಟ್ಟ ಗೆದ್ದ ಎಂದು ಕರಪತ್ರ ಹೊರಟಿತು. ಲಿಸ್ಬನ್ ಇರಲಿ, ಕಂಠೆಪ್ಪ ಅಲ್ಲಿಯವರೆಗೆ ಸಮುದ್ರದಲ್ಲಿ ಮೊಳಕಾಲಿಗಿಂತ ಮೇಲೆ ಇಳಿದವನೇ ಅಲ್ಲ. ಮಡಗಾಂವಿನಲ್ಲಿ ಕೋಟು ತೊಟ್ಟ ಮುದುಕರೊಬ್ಬರು ನಾನಪ್ಪನನ್ನು ತಡೆದು, ತಾವು ಲಿಸ್ಬನ್ನಿನಲ್ಲಿ ಆರು ವರ್ಷ ಇದ್ದವರು, ಪಂದ್ಯ ನಡೆದದ್ದು ಯಾವ ಸಭಾಂಗಣದಲ್ಲಿ ಎಂದು ಕೇಳಿದರು. "ನದಿ ದಂಡಿ ಮ್ಯಾಲೊಂದು ದೊಡ್ಡ ಹಾಲ್ ಐತಲ್ರಿ, ಅಲ್ಲಿ," ಎಂದ ನಾನಪ್ಪ. ಮುದುಕರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಹೌದು, ಅಲ್ಲೊಂದು ಇತ್ತು ಎಂದು ತಲೆಯಾಡಿಸಿ ಮುಂದಿನ ಸಾಲಿನ ಟಿಕೇಟು ಕೊಂಡರು.

ರಷ್ಯಾದ ಬೋರಿಸ್ ಪಂಜಾಬಿನ ಲಾರಿ ಡ್ರೈವರು. ಬೆಕ್ಕಿನ ಕಣ್ಣು, ಕೆಂಚುಗೂದಲು. ರಂಗದ ಮೇಲೆ ಬಾಯಿ ಬಿಡಕೂಡದೆಂಬುದೊಂದೇ ಅವನಿಗಿದ್ದ ಕಟ್ಟಳೆ. ಒಂದು ತಿಂಗಳು ಪಟ್ಟ ಅವನ ಸೊಂಟದಲ್ಲಿದ್ದು ವಾಸ್ಕೋದಲ್ಲಿ ಮತ್ತೆ ಕಂಠೆಪ್ಪನಿಗೆ ಬಂತು. ಯಾರು ಗೆಲ್ಲಬೇಕು, ಎಷ್ಟನೆಯ ನಿಮಿಷಕ್ಕೆ ಗೆಲ್ಲಬೇಕು ಎಲ್ಲ ಮೊದಲೇ ಗೊತ್ತಿರುತ್ತಿತ್ತು. ಆದರೂ ಅದು ಸುಲಭದ ಕೆಲಸವಾಗಿರಲಿಲ್ಲ. ಬೀಳುವುದನ್ನು ದಾವಲಮಲಿಕನಿಗೆ ಕಲಿಸಿದವನು ಕಂಠೆಪ್ಪ. "ಗರಡ್ಯಾಗ ಮೈ ಕಾಯ್ಕೋತಿದ್ವಿ. ಇಲ್ಲಿ ಮೈ ಕೊಡಬೇಕು. ನಾ ನಿನ್ನ ಕೈಯಾಗ ಮೈ ಕೊಟ್ಟೆ ಅಂದ್ರ ಅದು ನಿಂದು, ಅದನ್ನ ಜ್ವಾಕಿಯಿಂದ ಕೆಳಗಿಡೂದು ನಿನ್ನ ಕೆಲಸ," ಎನ್ನುತ್ತಿದ್ದ. ಮಣಿಕಟ್ಟನ್ನು ಎರಡು ಸಲ ಒತ್ತಿದರೆ 'ಈಗ ಬಿಡು' ಎಂದರ್ಥ. ಮೂರು ವರ್ಷದಲ್ಲಿ ಎಷ್ಟೋ ಮೈದಾನಗಳಲ್ಲಿ ಎಷ್ಟೋ ಸಲ ಒಬ್ಬರ ಮೈ ಇನ್ನೊಬ್ಬರು ಇಳಿಸಿದ್ದರು. ಒಂದು ಬೆರಳಿಗೂ ಪೆಟ್ಟಾಗಿರಲಿಲ್ಲ.

ಪ್ರತಿ ಸಲವೂ ಸೋಲುವವನು ದಾವಲಮಲಿಕ. ಅದರ ಬಗ್ಗೆ ಅವನಿಗೆ ಬೇಸರವಿರಲಿಲ್ಲ. ಎಂಬತ್ತಾರರಲ್ಲಿ ಸುಗರಾಬಿಯನ್ನು ಮದುವೆಯಾಗಿ ಕರೆದುಕೊಂಡು ಬಂದ ಮೇಲೆ ಬೇಸರ ಶುರುವಾಯಿತು. ಕುಸ್ತಿಯ ಒಳಗುಟ್ಟನ್ನು ಹೆಂಡತಿಗೂ ಹೇಳಕೂಡದು ಎಂದು ನಾನಪ್ಪ ಎಲ್ಲರಿಂದ ಆಣೆ ಮಾಡಿಸಿದ್ದ. ಸುಗರಾಬಿ ಎರಡು ಪಂದ್ಯ ನೋಡಿದಳು. ಎರಡನೆಯದರ ನಂತರ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತ, "ನೀವು ಯಾವಾಗ್ಲೂ ಸೋಲ್ತೀರೇನ್ರಿ?" ಎಂದು ಕೇಳಿದಳು. ಹಂಗಿಸಿ ಕೇಳಿದ್ದಲ್ಲ, ಸುಮ್ಮನೆ ತಿಳಿಯಲು ಕೇಳಿದ್ದು. ಬೋರಲು ಮಲಗಿದ್ದ ಅವನು ಮುಖವನ್ನು ಚಾಪೆಗೆ ಒತ್ತಿಕೊಂಡ.

ಫೋಂಡಾದ ಪಂದ್ಯಕ್ಕೆ ಸುಗರಾಬಿಯ ಅಣ್ಣಂದಿರು ಇಬ್ಬರು ಊರಿನಿಂದ ಬಂದಿದ್ದರು. ಅವತ್ತು ಬೆಳಗ್ಗೆ ನಾನಪ್ಪ ದಾವಲಮಲಿಕನನ್ನು ಹಲಗೆ ಜೋಡಿಸುತ್ತಿದ್ದ ಕಡೆಯಿಂದ ಆಚೆ ಕರೆದ. "ಕಂಠಿ ಪಟ್ಟ ಕಟಗೊಂಡು ಮೂರ ವರ್ಷ ಆತು, ಜನಕ್ಕ ಬ್ಯಾಸರಾಗೈತಿ. ನಾ ಹೇಳಿದ್ರ ಅಂವ ಒಪ್ಪತಾನೋ ಇಲ್ಲೋ. ನಾ ನಿನಗ ಹಿಂಗ ಮಾಡು ಅಂತ ಹೇಳಾಕತ್ತಿಲ್ಲ. ಆದ್ರ ಇವತ್ತ ಪಟ್ಟ ನಿನ್ನ ಕೈಗೆ ಬಂದ್ರ ನಾ ಬ್ಯಾಡ ಅನ್ನಂಗಿಲ್ಲ." ಅಷ್ಟು ಹೇಳಿ ಅವನು ಧ್ವನಿವರ್ಧಕ ಕಟ್ಟುವವರ ಕಡೆ ಹೋದ. ಮಧ್ಯಾಹ್ನ ಕಂಠೆಪ್ಪನ ಜೊತೆ ಒಂದೇ ತಾಟಿನಲ್ಲಿ ಊಟ ಮಾಡುವಾಗ ದಾವಲಮಲಿಕ ಆ ಮಾತು ಹೇಳಬಹುದಿತ್ತು. ಕಂಠೆಪ್ಪ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಅವನ ಕಡೆ ಇಡುತ್ತಿದ್ದ. ಅವನು ಹೇಳಲಿಲ್ಲ.

ಕೊನೆಯ ಪಟ್ಟು ಹೀಗಾಗಬೇಕಿತ್ತು: ದಾವಲಮಲಿಕ ಎತ್ತಬೇಕು, ಕಂಠೆಪ್ಪ ಕಾಲೂರಿ ಜಿಗಿದು ಅವನ ಹೆಗಲೇರಬೇಕು, ಮಣಿಕಟ್ಟು ಒತ್ತಿದ ಕೂಡಲೇ ಅವನು ಹಿಡಿತ ಸಡಿಲಿಸಬೇಕು, ಕಂಠೆಪ್ಪ ಬೆನ್ನ ಮೇಲಿಂದ ಜಾರಿ ಹಿಂದಿನಿಂದ ಅವನನ್ನು ಕೆಡವಬೇಕು. ಎತ್ತಿದಾಗ ಮೂರನೆಯ ಸಾಲಿನಲ್ಲಿ ಸುಗರಾಬಿಯ ಹಸಿರು ಸೆರಗು ಕಂಡಿತು. ಮಣಿಕಟ್ಟಿನ ಮೇಲೆ ಕಂಠೆಪ್ಪನ ಬೆರಳು ಒಂದು ಸಲ ಒತ್ತಿತು, ಮತ್ತೊಂದು ಸಲ ಒತ್ತಿತು. ದಾವಲಮಲಿಕ ಬಿಡಲಿಲ್ಲ. ತೊಡೆಯನ್ನು ಇನ್ನೂ ಬಿಗಿಯಾಗಿ ಹಿಡಿದು, ತನ್ನ ಮೈಭಾರವನ್ನೆಲ್ಲ ಹಾಕಿ ಮುಂದಕ್ಕೆ ಒಗೆದ. ಹಿಂದಕ್ಕೆ ಜಾರಲೆಂದು ಮೈ ಸಡಿಲ ಬಿಟ್ಟಿದ್ದ ಕಂಠೆಪ್ಪ ಎರಡು ಹಲಗೆ ಕೂಡುವ ಉಬ್ಬಿದ ಅಂಚಿನ ಮೇಲೆ ಸೊಂಟದಿಂದ ಬಿದ್ದ. ಹಲಗೆಯ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಾಯಿತು. ಅದನ್ನು ಕೇಳಿದವರು ಇಬ್ಬರೇ.

ದಾವಲಮಲಿಕ ನಿಂತಲ್ಲೇ ನಿಂತುಬಿಟ್ಟ. ಕಂಠೆಪ್ಪನ ತುಟಿ ಬೆಳ್ಳಗಾಗಿತ್ತು. ಆ ತುಟಿ ಅಲುಗಿತು. "ಜಿಗಿಯೂ ಮುಂದ ಕಾಲು ಜಾರಿತಲೇ ಮಲಿಕ. ತಪ್ಪು ನಂದು, ನೀ ಹೆದರಬ್ಯಾಡ. ಮ್ಯಾಲ ಬೀಳು, ಆಟ ಮುಗಸು." ದಾವಲಮಲಿಕ ಅವನ ಎದೆಯ ಮೇಲೆ ಬಿದ್ದ. ಅಂಪೈರು ಹಲಗೆ ಬಡಿದು ಮೂರು ಎಣಿಸಿದ. ತನ್ನ ಎದೆಯ ಕೆಳಗೆ ಕಂಠೆಪ್ಪ ಕೂಗದಂತೆ ಉಸಿರು ಬಿಗಿ ಹಿಡಿದದ್ದು ಅವನಿಗೆ ತಿಳಿಯುತ್ತಿತ್ತು. ಆಮೇಲೆ ಸುಗರಾಬಿಯ ಅಣ್ಣಂದಿರು ಅವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು.

ಎಂಟು ತಿಂಗಳು ಪಟ್ಟ ಅವನ ಹತ್ತಿರ ಇತ್ತು. ಅಷ್ಟರಲ್ಲಿ ನಾನಪ್ಪ ಕಂಪನಿ ಮುಚ್ಚಿ ಕೊಲ್ಲಾಪುರದ ಕಡೆ ಹೊರಟ, ಹಿತ್ತಾಳೆಯ ಬಿಲ್ಲೆ ಅವನ ಜೊತೆ ಹೋಯಿತು. ಅದನ್ನು ಮತ್ತೆ ಯಾರೂ ನೋಡಲಿಲ್ಲ. ಈಗ ಓಣಿ ಓಣಿಗೆ ಕೇಬಲ್ ಟೀವಿ ಬಂದಿತ್ತು. ಅದರಲ್ಲಿ ಬಿಳಿಯ ಪೈಲ್ವಾನರು ಬೆಳ್ಳಿಯಂತೆ ಹೊಳೆಯುವ ಪಟ್ಟಗಳಿಗಾಗಿ ಬಡಿದಾಡುತ್ತಿದ್ದರು. ಕುಂಡಯಿಯಲ್ಲಿ ಪೈಪು ಮಾಡುವ ಕಾರ್ಖಾನೆಯ ಗೇಟು ಕಾಯುತ್ತಿದ್ದ ದಾವಲಮಲಿಕ ಯಾರ ಮನೆಯಲ್ಲಾದರೂ ಆ ಕುಸ್ತಿ ಹಚ್ಚಿದ್ದರೆ ಎದ್ದು ಹೊರಗೆ ಬರುತ್ತಿದ್ದ.

ಭಾನುವಾರ ಇಬ್ಬರೂ ಡಿಚೋಲಿ ಬಸ್ಸು ಹತ್ತಿದರು. ಕಂಠೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಅರ್ಜಿ, ಕರಪತ್ರ, ದವಾಖಾನೆಯ ಚೀಟಿ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಎದೆಗೆ ಹಿಡಿದಿದ್ದ. ಬಹಳ ದಿನದ ಮೇಲೆ ಊರು ದಾಟಿ ಹೊರಟ ಖುಷಿಯಲ್ಲಿ ದಾರಿಯುದ್ದಕ್ಕೂ ಮಾತಾಡಿದ. "ಮಾಸಾಶನ ಬಂತಂದ್ರ ಭಾಗವ್ವನ್ನ ಉಸುಕು ಹೊರೂದು ಬಿಡಸ್ತೀನಿ. ಆಕೀ ಕುತ್ತಿಗಿ ನೋಡೀಯೇನು? ಒಂದ ಕಡೆ ಹೊಳ್ಳಾಕ ಬರವಲ್ದು." ದಾವಲಮಲಿಕ ಕಿಟಕಿಯಾಚೆ ನೋಡುತ್ತ ಹೂಂ ಎಂದ.

ಗೂಡುಸಾಬ ಉಸ್ತಾದರ ಮನೆ ಅದಿರಿನ ಟ್ರಕ್ಕುಗಳು ಓಡಾಡುವ ರಸ್ತೆಯ ಪಕ್ಕದಲ್ಲಿತ್ತು. ಎಂಬತ್ತರ ಹತ್ತಿರದ ವಯಸ್ಸು. ಕಣ್ಣಿಗೆ ಪೊರೆ ಬಂದಿತ್ತು, ಮೈ ಮಾತ್ರ ಇನ್ನೂ ನೆಟ್ಟಗಿತ್ತು. ಸೊಸೆ ನೀರು ತಂದಿಟ್ಟು ಒಳಗೆ ಹೋದಳು. ಉಸ್ತಾದರು ಇಬ್ಬರನ್ನೂ ಹತ್ತಿರ ಕೂರಿಸಿಕೊಂಡು ಮೊದಲು ಕಿವಿ ಮುಟ್ಟಿ ನೋಡಿದರು. ಗರಡಿಯಲ್ಲಿ ಉಜ್ಜಿ ಉಜ್ಜಿ ಮುದುಡಿ ಗಂಟಾದ ಕಿವಿಗಳು.

"ಮಣ್ಣಿನಂವರು ಹೌದು," ಎಂದರು. "ಏನ ಬರದೈತಿ, ಓದು."

ಕಂಠೆಪ್ಪನಿಗೆ ಕನ್ನಡಕ ಇರಲಿಲ್ಲ. ಕರಪತ್ರವನ್ನು ದಾವಲಮಲಿಕನೇ ಓದಬೇಕಾಯಿತು. ಲಿಸ್ಬನ್ ಎಂದಾಗ ಉಸ್ತಾದರ ಗಡ್ಡ ಅಲುಗಿತು. ಕೊನೆಯ ಸಾಲಿಗೆ ಬಂದಾಗ ದಾವಲಮಲಿಕ ಹಾಳೆಯನ್ನು ಮುಖಕ್ಕೆ ಹತ್ತಿರ ತಂದುಕೊಂಡ. ತನ್ನ ಹೆಸರನ್ನು ಬೇರೆ ಯಾರದೋ ಎಂಬಂತೆ ಓದಿ ಮುಗಿಸಿದ.

"ಇದು ನಾಟಕ," ಎಂದರು ಉಸ್ತಾದರು. "ನನಗ ಗೊತ್ತಿಲ್ಲೇನು? ಆ ಬೆಳಗಾವಿಯಂವ ನನ್ನ ಕಡೇನೂ ಬಂದಿದ್ದ, ಪಂಚ ಆಗಿ ಸೋಲು ಗೆಲುವು ಹೇಳರಿ ಅಂತ. ಹೊರಗ ಹಾಕಿದ್ದೆ. ರಾಜನ ಪಾರ್ಟು ಮಾಡಿದಂವಗ ಯಾರರ ರಾಜ್ಯ ಬರಕೊಡತಾರೇನಪಾ?"

"ಅದು ಆಟ ಅನ್ನೂದು ಖರೇನ್ರಿ ಉಸ್ತಾದ್ರ," ಎಂದ ಕಂಠೆಪ್ಪ ಮೆಲ್ಲಗೆ. "ನಾ ಸುಳ್ಳು ಹೇಳಂಗಿಲ್ಲ. ಆದ್ರ ಸೊಂಟ ಮುರದಿದ್ದು ಆಟ ಅಲ್ರಿ."

"ಹೆಂಗ ಮುರೀತು?"

"ಕಾಲು ಜಾರಿತ್ರಿ."

ಹೊರಗೆ ಟ್ರಕ್ಕೊಂದು ಹೋಯಿತು. ಮಾಡಿನ ತಗಡು ಅದುರಿತು. ಉಸ್ತಾದರು ಅರ್ಜಿಯನ್ನು ಕೈಯಲ್ಲೇ ತಡವಿ ಮಡಚಿದರು. "ನೋಡಪಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಕುಸ್ತಿ ಹಿಡದಾಗ ಮುರೀತು ಅಂತ ನಾ ಬರೀಬೇಕು. ಕುಸ್ತಿ ಇರಲಿಲ್ಲ. ಕಾಲು ಜಾರಿ ಬಿದ್ದಂವಗ ನಾ ಪೈಲ್ವಾನ ಅಂತ ಸಹಿ ಹಾಕಿದ್ರ ನಾಳಿ ನನ್ನ ಸಹಿಗೆ ಏನ ಕಿಮ್ಮತ್ತು?"

ಕಂಠೆಪ್ಪ ತಲೆಯಾಡಿಸಿದ. ಜಗಳವಾಡುವ ಮನುಷ್ಯನಲ್ಲ. ಪ್ಲಾಸ್ಟಿಕ್ ಚೀಲ ಬಿಚ್ಚಿ ಚೀಟಿಗಳನ್ನು ಒಂದೊಂದಾಗಿ ಒಳಗಿಡತೊಡಗಿದ. ಅಂಗಿಯ ಇಸ್ತ್ರಿಯ ಗೆರೆ ಬೆವರಿಗೆ ಅಳಿಸಿಹೋಗಿತ್ತು. ಆ ಬೆನ್ನನ್ನು ನೋಡುತ್ತ ಕೂತ ದಾವಲಮಲಿಕನಿಗೆ ಉಸುಕಿನ ಬುಟ್ಟಿಯ ಕೆಳಗೆ ಹೊರಳದ ಭಾಗವ್ವನ ಕುತ್ತಿಗೆ ಕಣ್ಣ ಮುಂದೆ ಬಂತು. ಈಗ ಹೇಳಿದರೆ ಸಹಿ ಸಿಗಬಹುದು ಎಂಬ ಆಸೆಯಿಂದ ಬಾಯಿ ತೆರೆದನೋ, ಹೊತ್ತು ಹೊತ್ತು ಸಾಕಾಗಿ ತೆರೆದನೋ ಅವನಿಗೇ ಮುಂದೆಂದೂ ಬಗೆಹರಿಯಲಿಲ್ಲ.

"ಆಟ ಇರಲಿಲ್ರಿ ಉಸ್ತಾದ್ರ," ಎಂದ. "ಅವತ್ತ ನಾ ಖರೇನ ಒಗದಿದ್ದೆ."

ಕಂಠೆಪ್ಪನ ಕೈ ಚೀಲದೊಳಗೇ ನಿಂತಿತು. "ಏ, ಸುಮ್ನಿರು," ಎಂದ ಪಿಸುದನಿಯಲ್ಲಿ. ತನಗಾಗಿ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಿದ್ದ.

"ಸುಳ್ಳಲ್ಲ ಕಂಠಣ್ಣ. ನಿನ್ನ ಕಾಲು ಜಾರಿಲ್ಲ. ನೀ ಸರಿಯಾಗೇ ಜಿಗಿದಿದ್ದಿ, ನನ್ನ ಹೆಗಲ ಮಟ ಬಂದಿದ್ದಿ. ನಾನ ಬಿಡಲಿಲ್ಲ. ಪಟ್ಟ ನನಗ ಬೇಕಾಗಿತ್ತು. ನಾನಪ್ಪ ಬ್ಯಾಡ ಅನ್ನಂಗಿಲ್ಲ ಅಂದಿದ್ದ. ನಾ ಜೋರು ಮಾಡಿ ಹಿಡದು ಮುಂದಕ ಒಗದೆ."

ಉಸ್ತಾದರು ಪೊರೆಗಟ್ಟಿದ ಕಣ್ಣನ್ನು ದನಿ ಬಂದ ಕಡೆ ತಿರುಗಿಸಿದರು. "ಒಗಿಯಾಕ ಹತ್ತೀ ಅಂತ ಅವಂಗ ಗೊತ್ತಿತ್ತೇನು?"

"ಇಲ್ರಿ."

"ಅಂವ ಮೈ ಬಿಗಿಹಿಡದಿದ್ದನೇನು?"

"ಇಲ್ರಿ. ಮೈ ನನ್ನ ಕೈಯಾಗ ಕೊಟ್ಟಿದ್ದ."

ಮತ್ತೊಂದು ಟ್ರಕ್ಕು ಬಂದು ಹೋಯಿತು. ಬಾಗಿಲಿನಿಂದ ಬಂದ ಕೆಂಪು ಧೂಳು ನೀರಿನ ತಂಬಿಗೆಯ ಮೇಲೆ ತೆಳ್ಳಗೆ ಕೂತಿತು. "ಹಂಗಾರ ಇದು ಆಟಾನೂ ಅಲ್ಲ, ಕುಸ್ತಿನೂ ಅಲ್ಲ," ಎಂದರು ಉಸ್ತಾದರು. "ಕುಸ್ತಿ ಅಂದ್ರ ಇಬ್ಬರಿಗೂ ಗೊತ್ತಿರಬೇಕು. ನಾ ಏನಂತ ಬರೀಲಿ? ಇದನ್ನ ಬರಿಯೂ ಕಾಗದ ನನ್ನ ಹತ್ರ ಇಲ್ಲ." ಅರ್ಜಿಯನ್ನು ಅವರು ಕಂಠೆಪ್ಪನ ತೊಡೆಯ ಮೇಲೆ ತಾವೇ ಹುಡುಕಿ ಇಟ್ಟರು. ಇಟ್ಟ ಕೈಯನ್ನು ಸ್ವಲ್ಪ ಹೊತ್ತು ಅಲ್ಲಿಂದ ತೆಗೆಯಲಿಲ್ಲ. ದಾವಲಮಲಿಕನ ಕಡೆ ಮತ್ತೆ ತಿರುಗಲಿಲ್ಲ.

ಅಂಗಳಕ್ಕೆ ಬಂದ ಮೇಲೆ ಕಂಠೆಪ್ಪ ಗೋಡೆ ಹಿಡಿದು ನಿಂತ. "ನಾ ಎರಡ ಸಲ ಒತ್ತಿದ್ದೆ," ಎಂದ. "ಒತ್ತಿದ್ನೋ ಇಲ್ಲೋ ಅಂತ ಎಷ್ಟೋ ಸಲ ನನಗ ಅನಮಾನ ಬಂದೈತಿ. ನಿನಗ ತಿಳದಿತ್ತೇನು?"

"ತಿಳದಿತ್ತು."

"ಎರಡೂನು?"

"ಎರಡೂನು."

ಕಂಠೆಪ್ಪ ಅದನ್ನು ಲೆಕ್ಕಕ್ಕೆ ಹಿಡಿದವನಂತೆ ತಲೆಯಾಡಿಸಿದ. ಬಸ್ಸಿನಲ್ಲಿ ಅವನು ಡ್ರೈವರನ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ದಾವಲಮಲಿಕ ಹಿಂದುಗಡೆ ಕಂಬಿ ಹಿಡಿದು ನಿಂತ, ಸೀಟು ಖಾಲಿಯಿದ್ದರೂ ಕೂರಲಿಲ್ಲ. ಪಣಜಿಯಲ್ಲಿ ಇಳಿಯುವಾಗ ಕೈ ಕೊಡಲು ಹೋದ. ಅಷ್ಟರಲ್ಲಿ ಕಂಠೆಪ್ಪ ಕಂಡಕ್ಟರನ ಹೆಗಲು ಹಿಡಿದು ಇಳಿದಾಗಿತ್ತು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು, "ಪಟ್ಟ ಬೇಕಂತ ಒಂದ ಮಾತು ಕೇಳಬೇಕಿತ್ತು ನೀ," ಎಂದ. "ಅವತ್ತ ಮಧ್ಯಾಹ್ನ ಉಣ್ಣೂ ಮುಂದ ಕೇಳಿದ್ರೂ ನಡೀತಿತ್ತು." ಆಮೇಲೆ ಚಿಂಬಲ್ ಬಸ್ಸು ನಿಲ್ಲುವ ಕಡೆ ಕಾಲೆಳೆದುಕೊಂಡು ಹೋದ. ಪ್ಲಾಸ್ಟಿಕ್ ಚೀಲ ಈಗ ಅವನ ಕೈಯಲ್ಲಿ ಜೋತಾಡುತ್ತಿತ್ತು.

ಮುಂದಿನ ತಿಂಗಳ ಮೊದಲ ವಾರ ಸುಗರಾಬಿ ಎಂದಿನಂತೆ ಅಕ್ಕಿ ತುಂಬಿ ಚೀಲದ ಬಾಯಿ ಕಟ್ಟಿಟ್ಟಳು. ಅವನು ಅದನ್ನು ಮುಟ್ಟದೆ ಕೂತದ್ದನ್ನು ನೋಡಿ ಏನಾಯಿತೆಂದು ಕೇಳಿದಳು. ಆಣೆ ಹಾಕಿಸಿದವನೂ ಇರಲಿಲ್ಲ, ಕಂಪನಿಯೂ ಇರಲಿಲ್ಲ. ಎಲ್ಲ ಹೇಳಿದ. ಅವಳು ಮೊರದಲ್ಲಿದ್ದ ನುಚ್ಚನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ ಕೇಳಿದಳು.

"ಅವತ್ತ ನಾ ಚಪ್ಪಾಳಿ ಹೊಡದಿದ್ದೆನಲ್ರಿ," ಎಂದಳು. ಚೀಲವನ್ನು ಅದರ ಬಾಯಿ ಬಿಚ್ಚದೆ ಎತ್ತಿ ಮೂಲೆಗಿಟ್ಟಳು.

ಎರಡು ತಿಂಗಳು ಹೀಗೇ ಕಳೆಯಿತು. ದಾವಲಮಲಿಕ ಪ್ರತಿದಿನ ಯಾರೋ ಬಂದು ತನ್ನ ಕೊರಳಪಟ್ಟಿ ಹಿಡಿಯುತ್ತಾರೆಂದು ಕಾದ. ಭಾಗವ್ವನ ಅಣ್ಣ ಬರಬಹುದು, ಓಣಿಯವರು ಬರಬಹುದು. ಬಂದರೆ ಸುಮ್ಮನೆ ಹೊಡೆಸಿಕೊಳ್ಳುವುದೆಂದು ನಿಶ್ಚಯಿಸಿದ್ದ. ಯಾರೂ ಬರಲಿಲ್ಲ. ಜೂನ್ ಹತ್ತಿರವಾಗುತ್ತಿತ್ತು, ಚಿಂಬಲ್ಲಿನ ಮಾಡಿಗೆ ಯಾರು ತಾಡಪತ್ರಿ ಹೊದಿಸಿರಬಹುದೆಂದು ಮೋಡ ಕಂಡಾಗಲೆಲ್ಲ ಯೋಚಿಸುತ್ತಿದ್ದ.

ಒಂದು ಮಧ್ಯಾಹ್ನ ಕಾರ್ಖಾನೆಯ ಗೇಟಿನ ಬಳಿ ಭಾಗವ್ವ ಬಂದು ನಿಂತಳು. ಕೆಲಸ ಬಿಟ್ಟು ಬಂದಿದ್ದಳು, ಸೀರೆಯ ಅಂಚಿಗೆ ಸಿಮೆಂಟು ಅಂಟಿತ್ತು. ಕೈಯಲ್ಲೊಂದು ಬಟ್ಟೆಯ ಗಂಟು. ದಾವಲಮಲಿಕ ಎದ್ದು ನಿಂತ. ಅವಳು ಬೈಯಲಿಲ್ಲ. ಬೇವಿನ ಗಿಡದ ಕೆಳಗಿದ್ದ ಕಲ್ಲಿನ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ರೊಟ್ಟಿ ತಂದೀನಿ," ಎಂದಳು. "ಅವರು ಕೊಟ್ಟು ಬಾ ಅಂದಿಲ್ಲ. ನಾನ ತಂದೀನಿ."

"ಕಂಠಣ್ಣ ಆರಾಮ ಅದಾನೇನ್ರಿ, ವೈನಿ?"

"ಅದಾರ. ಛತ್ರಿ ಬರಾಕತ್ತಾವ ಈಗ." ಗಂಟಿನ ತುದಿ ಬಿಗಿಮಾಡುತ್ತ ಅವಳು ಕೇಳಿದಳು, "ಡಿಚೋಲ್ಯಾಗ ಏನಾತು, ತಮ್ಮಾ?"

ದಾವಲಮಲಿಕ ಅವಳ ಮುಖ ನೋಡಿದ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

"ಕಂಠಣ್ಣ ಏನಂದ?"

"ಏನಂತಾರ? ಉಸ್ತಾದ ಯಾಕ ಸಹಿ ಹಾಕಲಿಲ್ಲ ಅಂದ್ರ, ಕಾಲು ಜಾರಿ ಬಿದ್ದಂವಗ ಕೊಡಂಗಿಲ್ಲಂತ, ಅಂದ್ರು. ಮಲಿಕ ಯಾಕ ಬರವಲ್ಲ ಅಂದ್ರ ಗ್ವಾಡಿ ಕಡೆ ಹೊಳ್ಳಿ ಮಲಗತಾರ. ಯಾವಾಗಿನಂಗ ನಾ ಒಂದ ದಿನ, ನೋಡಿ ಕಾಲಿಡಬೇಕಿತ್ತು ಅಂದೆ. ಅಂದದ್ದಕ್ಕ ಅವರ ಕಣ್ಣಾಗ ನೀರು ಬಂತು. ಒಂಬತ್ತ ವರ್ಷದಾಗ ಹಂಗಾಗಿಲ್ಲ. ನಾ ಏನ ತಪ್ಪ ಮಾತಾಡಿದೆ ಅಂತ ನೀನರ ಹೇಳು."

ಗೇಟಿನ ಹೊರಗೆ ಪೈಪು ಒಯ್ಯಲು ಬಂದ ಲಾರಿ ಹಾರ್ನು ಹೊಡೆಯಿತು. ದಾವಲಮಲಿಕ ಹೋಗಿ ಅಡ್ಡಗೋಲು ಎತ್ತಿದ. ಲಾರಿ ಒಳಗೆ ಹೋಯಿತು, ಡ್ರೈವರು ಕೈ ಎತ್ತಿ ಏನೋ ಅಂದ. ಧೂಳು ಇಳಿದ ಮೇಲೂ ಅವನು ಕೋಲನ್ನು ಹಾಗೇ ಮೇಲೆ ಹಿಡಿದು ನಿಂತಿದ್ದ. ಆಮೇಲೆ ಅದನ್ನು ಸದ್ದಾಗದಂತೆ ಕೆಳಗಿಟ್ಟು, ಕೈ ಒರೆಸಿಕೊಂಡು, ಆ ಮೂರನೆಯ ಮಾತು ಹೇಳಲು ಬೇವಿನ ಗಿಡದ ಕಡೆ ನಡೆದ.

ಅವನು ಬರುವುದನ್ನು ನೋಡಿ ಭಾಗವ್ವ ರೊಟ್ಟಿಯ ಗಂಟನ್ನು ಮಡಿಲಿಗೆತ್ತಿಕೊಂಡಳು. ಬೆಂಚಿನ ತುದಿಗೆ ಸರಿದು ಅವನಿಗೆ ಕೂರಲು ಜಾಗ ಮಾಡಿದಳು.